ನೆರಳು ನೋಡಿ ಗುಡ್ಡ ಹುಡುಕುವ ವಿದ್ಯೆ

ಆಂಟೆನಾ ಎತ್ತರಕ್ಕೆ ಕಟ್ಟಿದಷ್ಟೂ ಟಿ.ವಿ. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ಅರ್ಧ ಸತ್ಯ. ಎಂಬತ್ತರ ದಶಕದಲ್ಲಿ ಮಲೆನಾಡಿನ ಎಷ್ಟೋ ಮನೆಗಳವರು ಆ ಅರ್ಧ ಸತ್ಯವನ್ನೇ ನೆಚ್ಚಿಕೊಂಡು ಅಡಿಕೆ ಮರದ ತುದಿಗೆ, ಎರಡು ಬಿದಿರು ಸೇರಿಸಿ ಬಿಗಿದ ಗಳುವಿನ ತುದಿಗೆ ಆಂಟೆನಾ ಏರಿಸಿದರು. ಗಾಳಿ ಬೀಸಿದರೆ ಮರ ಓಲಾಡುತ್ತಿತ್ತು, ಮರದ ಜೊತೆಗೆ ದೆಹಲಿಯ ವಾರ್ತೆ ಓದುವವರೂ ಓಲಾಡುತ್ತಿದ್ದರು. ಉಳಿದರ್ಧ ಸತ್ಯ ಗೊತ್ತಿದ್ದವರು ಊರಿಗೊಬ್ಬರು, ಹೆಚ್ಚೆಂದರೆ ಇಬ್ಬರು. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡು, ಕರೆದ ಮನೆಗೆ ಸ್ಪ್ಯಾನರು, ಕಟಿಂಗ್ ಪ್ಲೇಯರು, ಇನ್ಸುಲೇಷನ್ ಟೇಪು ತುಂಬಿದ ಚೀಲ ಹಿಡಿದು ಬರುತ್ತಿದ್ದವರು. ಬಂದವರು ನೇರ ಮಾಡು ಹತ್ತುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿಯುತ್ತ, ಕೆಟ್ಟ ಚಿತ್ರವನ್ನೇ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡುತ್ತಿದ್ದರು. ಆಮೇಲೆ ಏಣಿ ಕೇಳುತ್ತಿದ್ದರು.

ಕಾಫಿ ಮುಗಿಯುವಷ್ಟರಲ್ಲಿ ಅವರು ಆ ಪರದೆಯಲ್ಲಿ ಏನು ಓದಿಕೊಳ್ಳುತ್ತಿದ್ದರು ಎಂದು ಬಿಡಿಸಿ ಹೇಳಬೇಕಾದರೆ ಅಲೆ ಹೊರಡುವ ಕಡೆಯಿಂದಲೇ ಶುರುಮಾಡಬೇಕು.

ಭಾರತದಲ್ಲಿ ಟಿ.ವಿ. ಪ್ರಸಾರ ಮೊದಲಾದದ್ದು ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಮುಂದೆ ಹದಿಮೂರು ವರ್ಷ ಅದು ದೆಹಲಿ ಬಿಟ್ಟು ಕದಲಲಿಲ್ಲ. ಮುಂಬೈಗೆ ಬಂದದ್ದು 1972ರಲ್ಲಿ. ಕರ್ನಾಟಕದಲ್ಲಿ ಮೊದಲು ಟಿ.ವಿ. ಕಂಡವರು ಬೆಂಗಳೂರಿನವರಲ್ಲ, ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗರು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ಈ ಮೂರು ಜಿಲ್ಲೆಗಳೂ ಇದ್ದವು. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯ ಪಕ್ಕದಲ್ಲೋ ಹತ್ತು ಅಡಿ ಅಗಲದ ಡಿಶ್ ನಿಲ್ಲಿಸಿದ್ದರು. ಅದು ತಗಡಿನದಲ್ಲ, ಕೋಳಿಗೂಡಿಗೆ ಹೊದಿಸುವ ತಂತಿಬಲೆಯದು. ತಂತಿಬಲೆ ಏಕೆ ಸಾಕಾಯಿತು ಎಂಬುದರಲ್ಲೇ ಒಂದು ಪಾಠವಿದೆ. ಆ ಸಿಗ್ನಲ್ 860 ಮೆಗಾಹರ್ಟ್ಸ್‌ನದು. ಅದರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅದರ ಮುಂದೆ ಎಷ್ಟೋ ಚಿಕ್ಕದು, ಆದ್ದರಿಂದ ಅಲೆಯ ಪಾಲಿಗೆ ಅದು ಗೋಡೆಯೇ. ಗಾಳಿಯ ಪಾಲಿಗೆ ಮಾತ್ರ ಬಲೆ. ಬಯಲುಸೀಮೆಯ ಗಾಳಿ ಅದರೊಳಗೆ ನುಗ್ಗಿ ಹಾಯುತ್ತದೆ, ಡಿಶ್ ಬೀಳುವುದಿಲ್ಲ. ಪ್ರಯೋಗ ಮುಗಿದು ಉಪಗ್ರಹ ವಾಪಸಾದ ಮೇಲೆ, 1977ರಲ್ಲಿ, ಕಲಬುರಗಿಯಲ್ಲೇ ರಾಜ್ಯದ ಮೊದಲ ಟಿ.ವಿ. ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿನ ಸರದಿ 1981ರ ನವೆಂಬರ್‌ನಲ್ಲಿ. ಜೆ.ಸಿ. ನಗರದ ಆ ಕಂಬದಿಂದಾಗಿ ಬಸ್ ಸ್ಟಾಪಿಗೆ ಟಿ.ವಿ. ಟವರ್ ಎಂದೇ ಹೆಸರು ನಿಂತಿದೆ.

ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಮರುವರ್ಷ, 1984ರಲ್ಲಿ, ದೇಶದಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ಶುರುವಾದ ತಿಂಗಳುಗಳಿದ್ದವು. ಅವುಗಳಲ್ಲಿ ಹೆಚ್ಚಿನವು 100 ವಾಟ್‌ನ ‘ಎಲ್.ಪಿ.ಟಿ.’ಗಳು. ಅಂದರೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್: ಎರಡು ಕೋಣೆ, ಒಂದು ಡಿಶ್, ಒಂದು ಕಂಬ, ಡೀಸೆಲ್ ಜನರೇಟರ್. ಉಪಗ್ರಹದಿಂದ ಇಳಿದ ದೆಹಲಿ ಕಾರ್ಯಕ್ರಮವನ್ನು ಹಿಡಿದು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿಗೆ ಹಂಚುವುದು ಅದರ ಕೆಲಸ. ನಾವು ಮನೆಯಲ್ಲಿ ಉರಿಸುತ್ತಿದ್ದ ಬಲ್ಬೂ 100 ವಾಟೇ. ಅಷ್ಟೇ ಶಕ್ತಿಯಲ್ಲಿ ಒಂದು ತಾಲ್ಲೂಕು ಕೇಂದ್ರ ಪೂರ್ತಿ ಭಾನುವಾರ ಬೆಳಗ್ಗೆ ‘ರಾಮಾಯಣ’ ನೋಡಿತು ಎಂಬುದನ್ನು ನೆನೆದರೆ ನನಗೆ ಈಗಲೂ ಬೆರಗು. ದೊಡ್ಡ ಕೇಂದ್ರಗಳ ಟ್ರಾನ್ಸ್‌ಮಿಟರ್‌ಗಳು 1 ಕಿಲೋವಾಟ್, 10 ಕಿಲೋವಾಟ್‌ನವು. ಅವುಗಳಲ್ಲಿ ಚಿತ್ರಕ್ಕೊಂದು, ಧ್ವನಿಗೊಂದು ಬೇರೆ ಬೇರೆ ವಿಭಾಗ. ಎರಡೂ ಕೊನೆಯಲ್ಲಿ ಕೂಡಿ ಒಂದೇ ಕೊಳವೆಯಂಥ ದಪ್ಪ ಕೇಬಲ್‌ನಲ್ಲಿ ಕಂಬ ಏರುತ್ತವೆ. ಒಳಗೆ ತೇವ ಸೇರಬಾರದೆಂದು ಆ ಕೇಬಲ್‌ಗೆ ಒಣಗಾಳಿ ಒತ್ತಿ ತುಂಬುತ್ತಿದ್ದರು. ಒಣಗಾಳಿಯ ಯಂತ್ರ ಕೈಕೊಟ್ಟರೆ ಎಂಜಿನಿಯರ್‌ಗಳಿಗೆ ಮಳೆಗಾಲದಲ್ಲಿ ನಿದ್ದೆ ಇಲ್ಲ.

ನಮ್ಮ ದೇಶ ಆರಿಸಿಕೊಂಡ ಪದ್ಧತಿಯಲ್ಲಿ ಪ್ರತಿ ಚಾನೆಲ್‌ಗೂ 7 ಮೆಗಾಹರ್ಟ್ಸ್ ಜಾಗ. ಚಿತ್ರದ ಅಲೆ ಕೆಳಗೆ, ಧ್ವನಿಯ ಅಲೆ ಅದಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ. ಚಿತ್ರ ಕಳಿಸುವ ರೀತಿಯಲ್ಲಿ ಒಂದು ಜಾಣತನವಿತ್ತು, ಅದನ್ನು ಮೆಚ್ಚದೆ ಮುಂದೆ ಹೋಗಲಾರೆ. ಪರದೆ ಬೆಳ್ಳಗಿರುವಾಗ ಅಲೆ ತಗ್ಗುತ್ತದೆ, ಕಪ್ಪಾದಂತೆ ಏರುತ್ತದೆ. ಮೋಡವಿಲ್ಲದ ಬಿಳಿ ಆಕಾಶ ತೋರಿಸುವಾಗ ಟ್ರಾನ್ಸ್‌ಮಿಟರ್‌ಗೆ ಬಿಡುವು, ಭೂತಬಂಗಲೆಯ ಕತ್ತಲು ತೋರಿಸುವಾಗ ಹೆಚ್ಚು ದುಡಿತ. ಇದರಿಂದ ಲಾಭ ಎರಡು. ಒಂದೊಂದು ಗೆರೆ ಎಲ್ಲಿ ಶುರುವಾಗಬೇಕೆಂದು ಸೆಟ್ಟಿಗೆ ತಿಳಿಸುವ ಸಂಕೇತ ಕಪ್ಪಿಗಿಂತಲೂ ಮೇಲೆ, ಅಲೆಯ ನೆತ್ತಿಯಲ್ಲಿ ಕೂರುತ್ತದೆ. ಸಿಗ್ನಲ್ ಸೊರಗಿದರೂ ಚಿತ್ರ ಮೇಲೆ ಕೆಳಗೆ ಉರುಳದೆ ನಿಲ್ಲುವುದು ಆ ಕಾರಣಕ್ಕೆ. ಇನ್ನೊಂದು, ರಸ್ತೆಯಲ್ಲಿ ಸ್ಕೂಟರ್ ಹೋದಾಗ ಅದರ ಕಿಡಿಯಿಂದ ಹುಟ್ಟುವ ತಂಟೆ ಪರದೆಯ ಮೇಲೆ ಕಣ್ಣು ಚುಚ್ಚುವ ಬಿಳಿ ಮಿಂಚಾಗದೆ ಕಪ್ಪು ಚುಕ್ಕೆಯಾಗಿ ಹೋಗುತ್ತದೆ. ಕಪ್ಪು ಚುಕ್ಕೆಯನ್ನು ಕಣ್ಣು ಅಷ್ಟಾಗಿ ಗಮನಿಸುವುದಿಲ್ಲ.

ಇನ್ನು ಎತ್ತರದ ವಿಚಾರ. ಈ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಹೋಗುವಂಥವು. ಭೂಮಿ ಗುಂಡಗಿರುವುದರಿಂದ ಒಂದು ದೂರ ದಾಟಿದ ಮೇಲೆ ತಲೆಯ ಮೇಲೆ ಹಾದುಹೋಗುತ್ತವೆ. ಗಾಳಿಯ ಪದರಗಳು ಅವನ್ನು ತುಸು ಬಾಗಿಸುವುದನ್ನೂ ಸೇರಿಸಿಕೊಂಡು ಎಂಜಿನಿಯರ್‌ಗಳು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ: ಕಂಬದ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆಯ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 100 ಮೀಟರ್ ಟವರ್‌ಗೆ 41 ಕಿಲೋಮೀಟರ್. ಮನೆಯ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ ಅದರ ಪಾಲಿನ 12 ಕಿಲೋಮೀಟರ್ ಕೂಡಿ 53. ಈಗ ಅಡಿಕೆ ಮರ ಹುಡುಕಿ 16 ಮೀಟರಿಗೆ ಏರಿಸಿ. ಸಿಕ್ಕಿದ್ದು ಇನ್ನು ನಾಲ್ಕು ಕಿಲೋಮೀಟರ್, ಅಷ್ಟೇ. ವರ್ಗಮೂಲ ಜಿಪುಣ, ಎರಡು ಪಟ್ಟು ಬೆವರು ಸುರಿಸಿದರೂ ಎರಡು ಪಟ್ಟು ಕೊಡುವುದಿಲ್ಲ. ಅದಕ್ಕೇ ಪ್ರಸಾರ ಮಾಡುವವರು ಕಂಬ ಬೆಳೆಸುವುದಕ್ಕಿಂತ ಬೆಟ್ಟ ಹುಡುಕುತ್ತಾರೆ. ಪುಣೆಗೆ ಟಿ.ವಿ. ಬಂದದ್ದು ಸಿಂಹಗಡದ ಕೋಟೆಯ ನೆತ್ತಿಯಿಂದ. ಶ್ರೀಲಂಕಾದ ರೂಪವಾಹಿನಿ 1982ರಲ್ಲಿ ತನ್ನ ಟ್ರಾನ್ಸ್‌ಮಿಟರನ್ನು ಆ ದೇಶದ ಅತಿ ಎತ್ತರದ, 2,524 ಮೀಟರಿನ ಪಿದುರುತಲಾಗಲ ಬೆಟ್ಟದ ಮೇಲಿಟ್ಟಿತು. ತಮಿಳುನಾಡಿನ ದಕ್ಷಿಣ ಕರಾವಳಿಯವರು ಮನೆಯ ಮೇಲೆ ಕಂಬ ನಿಲ್ಲಿಸಿ, ಸ್ವದೇಶದ ದೂರದರ್ಶನಕ್ಕಿಂತ ಮೊದಲೇ, ಅದನ್ನು ನೋಡಿಕೊಂಡಿದ್ದರು.

ಆದರೆ ದಿಗಂತದೊಳಗೇ ಇದ್ದವರಿಗೂ ಎತ್ತರ ಸದಾ ನೆರವಾಗುವುದಿಲ್ಲ. ಆಂಟೆನಾಗೆ ಟವರ್‌ನಿಂದ ನೇರ ಬರುವ ಅಲೆಯ ಜೊತೆಗೆ ನೆಲಕ್ಕೆ ಬಡಿದು ಮೇಲೆದ್ದ ಅಲೆಯೂ ತಲುಪುತ್ತದೆ. ಎರಡೂ ಒಂದೇ ಹೆಜ್ಜೆಯಲ್ಲಿ ಬಂದರೆ ಕೂಡಿಕೊಳ್ಳುತ್ತವೆ, ಹೆಜ್ಜೆ ತಪ್ಪಿದರೆ ಒಂದನ್ನೊಂದು ತಿಂದುಹಾಕುತ್ತವೆ. ಹೀಗೆ ಒಂದೇ ಮಾಡಿನ ಮೇಲೆ ಸಿಗ್ನಲ್ ತುಂಬಿದ ಜಾಗ, ಖಾಲಿ ಜಾಗ ಎಂದು ಪದರ ಪದರವಾಗಿರುತ್ತದೆ. ಅನುಭವಸ್ಥರು ಕ್ಲ್ಯಾಂಪು ಬಿಗಿಯುವ ಮುಂಚೆ ಪೈಪನ್ನು ಮೊಳದಷ್ಟು ಮೇಲೆ, ಮೊಳದಷ್ಟು ಕೆಳಗೆ ಜಾರಿಸಿ ನೋಡುತ್ತಿದ್ದುದು ಇದಕ್ಕೆ. ಕೆಲವು ಮನೆಗಳಲ್ಲಿ ಕೆಳಗಿಳಿಸಿದ ಮೇಲೆಯೇ ಚಿತ್ರ ಸರಿಹೋಯಿತು. ಮನೆಯ ಯಜಮಾನರಿಗೆ ಮಾತ್ರ ಅದು ಒಪ್ಪಿಗೆಯಾಗುತ್ತಿರಲಿಲ್ಲ. ಪಕ್ಕದ ಮನೆಯವರ ಕಂಬ ಎತ್ತರವಾಗಿ ಕಾಣುತ್ತದಲ್ಲ.

ಆಂಟೆನಾದ ವಿನ್ಯಾಸ ಜಪಾನಿನದು. ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಹಿದೆತ್ಸುಗು ಯಾಗಿ ಮತ್ತು ಶಿಂತಾರೊ ಉದಾ 1926ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಪ್ರಯೋಗಗಳ ಬಹುಪಾಲು ದುಡಿಮೆ ಉದಾ ಅವರದು, ಹೆಸರು ಹೆಚ್ಚಾಗಿ ಹಿರಿಯರಾದ ಯಾಗಿ ಅವರಿಗೆ ಹೋಯಿತು. ವಿಶ್ವವಿದ್ಯಾಲಯಗಳಲ್ಲಿ ಇದೇನು ಹೊಸತಲ್ಲ ಬಿಡಿ. ಜಪಾನೀಯರೇ ಇದನ್ನು ಕಡೆಗಣಿಸಿದ್ದರಂತೆ. 1942ರಲ್ಲಿ ಸಿಂಗಪುರ ಗೆದ್ದಾಗ ಅವರಿಗೆ ಸಿಕ್ಕ ಬ್ರಿಟಿಷ್ ರೇಡಾರ್ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು; ಏನಿದು ಎಂದು ಸೆರೆಯಾಳನ್ನು ಕೇಳಿದರೆ, ನಿಮ್ಮದೇ ಪ್ರೊಫೆಸರ ಹೆಸರು ಎಂದನಂತೆ ಆತ.

ಕಡ್ಡಿಗಳ ಕೆಲಸ ಹೀಗೆ. ಟಿ.ವಿ.ಗೆ ತಂತಿ ಹೋಗುವುದು ಒಂದೇ ಕಡ್ಡಿಯಿಂದ, ಮಡಚಿ ಉದ್ದನೆಯ ಕುಣಿಕೆಯಾಗಿಸಿದ ಆ ಡೈಪೋಲ್‌ನಿಂದ. ಅದರ ಉದ್ದ ಅಲೆಯ ಅರ್ಧ, ಅದರಲ್ಲೂ ನೂರಕ್ಕೆ ಐದರಷ್ಟು ಕಡಿಮೆ. ನಾಲ್ಕನೆಯ ಚಾನೆಲ್ ಇರುವುದು 61ರಿಂದ 68 ಮೆಗಾಹರ್ಟ್ಸ್ ನಡುವೆ. 300ನ್ನು ನಡುವಿನ 64.5ರಿಂದ ಭಾಗಿಸಿದರೆ ಅಲೆಯ ಉದ್ದ 4.65 ಮೀಟರ್, ಡೈಪೋಲ್ ಸುಮಾರು 2.2 ಮೀಟರ್. ಐದನೆಯ ಚಾನೆಲ್ ಒಮ್ಮೆಗೇ 174ಕ್ಕೆ ಜಿಗಿಯುತ್ತದೆ, ಅಲ್ಲಿ 80 ಸೆಂಟಿಮೀಟರ್ ಸಾಕು. ಹಾಗಾಗಿ ಬಸ್ಸಿನಲ್ಲಿ ಒಂದು ಊರು ಹಾದುಹೋಗುವಾಗ ಮನೆಗಳ ಮೇಲಿನ ಕಡ್ಡಿಗಳನ್ನು ನೋಡಿಯೇ ಈ ಊರಿನವರು ಯಾವ ಬ್ಯಾಂಡಿನಲ್ಲಿ ನೋಡುತ್ತಾರೆ, ಟವರ್ ಯಾವ ದಿಕ್ಕಿಗಿದೆ ಎಂದು ಹೇಳಬಹುದಿತ್ತು.

ಡೈಪೋಲ್‌ನ ಹಿಂದೆ ತುಸು ಉದ್ದನೆಯ ಒಂದು ಕಡ್ಡಿ, ಮುಂದೆ ತುಸು ಗಿಡ್ಡ ಕಡ್ಡಿಗಳ ಸಾಲು. ಇವಕ್ಕೆ ಯಾವ ತಂತಿಯ ನಂಟೂ ಇಲ್ಲ, ಸುಮ್ಮನೆ ನಿಂತಿವೆ ಅನ್ನಿಸುತ್ತದೆ. ಅಲೆ ಹಾಯ್ದಾಗ ಇವುಗಳಲ್ಲೂ ವಿದ್ಯುತ್ತು ಹರಿದು, ಇವೂ ತಮ್ಮ ಪಾಲಿನ ಕಿರಿಯ ಅಲೆಯನ್ನು ಹೊಮ್ಮಿಸುತ್ತವೆ. ಹಿಂದಿನದು ಉದ್ದವಿರುವುದರಿಂದ ಅದರ ಅಲೆ ಕೊಂಚ ತಡ, ಮುಂದಿನವು ಗಿಡ್ಡವಿರುವುದರಿಂದ ಅವುಗಳದು ಕೊಂಚ ಬೇಗ. ಈ ತಡ ಮತ್ತು ಬೇಗ ಎಷ್ಟು ಹದವಾಗಿ ಕೂಡುತ್ತವೆಂದರೆ, ಮುಂದಿನಿಂದ ಬಂದದ್ದು ಡೈಪೋಲ್‌ನಲ್ಲಿ ಒಟ್ಟುಗೂಡುತ್ತದೆ, ಹಿಂದಿನಿಂದ ಬಂದದ್ದು ಅಲ್ಲೇ ವಜಾ ಆಗುತ್ತದೆ. ಬರೀ ಕಡ್ಡಿಗಳ ಉದ್ದ ಮತ್ತು ನಡುವಣ ಅಂತರದಿಂದ ದಿಕ್ಕಿನ ಪಕ್ಷಪಾತ ಹುಟ್ಟಿಸಿದ್ದು ಯಾಗಿ–ಉದಾ ಅವರ ಪ್ರತಿಭೆ. ಕಡ್ಡಿ ಹೆಚ್ಚಿಸಿದರೆ ಬಲ ಹೆಚ್ಚುತ್ತದೆ ನಿಜ, ಆದರೆ ಒಂದೊಂದು ಹೊಸ ಕಡ್ಡಿ ಹಿಂದಿನದಕ್ಕಿಂತ ಕಡಿಮೆ ಕೊಡುತ್ತ ಹೋಗುತ್ತದೆ.

ಡೈಪೋಲನ್ನು ಮಡಚಿದ್ದೂ ಅಂದಕ್ಕಲ್ಲ. ಒಂಟಿ ಕಡ್ಡಿಯನ್ನು ಇಷ್ಟು ಜನರ ನಡುವೆ ನಿಲ್ಲಿಸಿದರೆ ಅದರ ಪ್ರತಿರೋಧ ತೀರಾ ಇಳಿದು ತಂತಿಗೆ ಹೊಂದುವುದಿಲ್ಲ. ಮಡಚಿದರೆ ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ಸೊಗಸು: ಆ ಕುಣಿಕೆಯ ಮೇಲಿನ ತೋಳಿನ ನಟ್ಟನಡುವೆ ಸಿಗ್ನಲ್‌ನ ಒತ್ತಡ ಸೊನ್ನೆ. ಅಲ್ಲಿ ನೇರ ತೂತು ಕೊರೆದು ಬೋಲ್ಟ್ ಹಾಕಿ ಲೋಹಕ್ಕೆ ಲೋಹ ತಾಗಿಸಿ ಬಿಗಿದರೂ ಏನೂ ಸೋರುವುದಿಲ್ಲ, ಪ್ಲಾಸ್ಟಿಕ್ಕಿನ ತುಂಡೂ ಬೇಡ. ಕಂಬವನ್ನು ನೆಲಕ್ಕೆ ಅರ್ಥ್ ಮಾಡಿದ್ದರೆ ಆ ಒಂದು ಬೋಲ್ಟಿನಿಂದ ಇಡೀ ಆಂಟೆನಾ ಅರ್ಥ್ ಆದಂತೆ. ಸಿಡಿಲಿನ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಮೇಲಿನಿಂದ ಕೆಳಕ್ಕೆ ತರುವ ತಂತಿಯಲ್ಲಿ ಎರಡು ಜಾತಿ. ಚಪ್ಪಟೆ ರಿಬ್ಬನ್ ವೈರ್ 300 ಓಮಿನದು, ಗುಂಡನೆಯ ಕೋಆಕ್ಸಿಯಲ್ 75 ಓಮಿನದು. ರಿಬ್ಬನ್ ಅಗ್ಗ, ಒಣಗಿದ್ದಾಗ ಸಿಗ್ನಲ್ ನಷ್ಟವೂ ಕಡಿಮೆ. ಆದರೆ ಮೈಲಿಗೆ ಹೆಚ್ಚು: ಕಬ್ಬಿಣದ ಪೈಪಿಗೆ ತಾಗಬಾರದು, ತಗಡಿನ ಮೇಲೆ ಮಲಗಬಾರದು, ಮಳೆಯಲ್ಲಿ ನೆನೆದರೆ ಮುನಿಸು. ಅದನ್ನು ಪೈಪಿನಿಂದ ಗೇಣು ದೂರ ಹಿಡಿದು, ಅಲ್ಲಲ್ಲಿ ಒಂದೊಂದು ಸುತ್ತು ತಿರುಚಿ ಇಳಿಸಿದ್ದರೆ ಕೆಲಸ ಬಲ್ಲವರು ಕಟ್ಟಿದ್ದು ಎಂದು ಗೊತ್ತಾಗುತ್ತಿತ್ತು. ತಿರುಚಿದಾಗ ಹೊರಗಿನ ತಂಟೆ ಎರಡು ಎಳೆಗೂ ಸಮನಾಗಿ ತಾಗಿ ತಾನೇ ಕಳೆದುಹೋಗುತ್ತದೆ. 300ರಿಂದ 75ಕ್ಕೆ ಇಳಿಸಲು ಎರಡು ತೂತಿನ ಸಣ್ಣ ಫೆರೈಟ್ ತುಂಡಿಗೆ ಸುತ್ತಿದ ‘ಬಾಲನ್’. ಅಂಗಡಿಗಳಲ್ಲಿ ಅದನ್ನು ಬಲೂನ್ ಎಂದೇ ಕೇಳುತ್ತಿದ್ದರು, ಅಂಗಡಿಯವರೂ ಹಾಗೆಯೇ ಕೊಡುತ್ತಿದ್ದರು. ಕರಾವಳಿಯಲ್ಲಿ ಮುಖ್ಯ ಶತ್ರು ಉಪ್ಪುಗಾಳಿ. ಅಲ್ಯುಮಿನಿಯಂ ಕಡ್ಡಿಗೆ ತಾಮ್ರದ ತಂತಿ ಸೇರುವ ಕಡೆ ಒಂದೇ ಮಳೆಗಾಲದಲ್ಲಿ ಬಿಳಿ ಪುಡಿ ಹುಟ್ಟಿ ಸಂಪರ್ಕ ತಪ್ಪುತ್ತದೆ. ಅಲ್ಲಿನ ಕೆಲಸಗಾರರು ಜೋಡಣೆಗೆ ಗ್ರೀಸು ಮೆತ್ತಿ ಟೇಪು ಸುತ್ತುತ್ತಿದ್ದರು. ಹಾಗೆ ಮಾಡದವರಿಗೆ ವರ್ಷಕ್ಕೊಂದು ಸಲ ಖಾತ್ರಿ ಗಿರಾಕಿ.

ಇಷ್ಟು ತಿಳಿದ ಮೇಲೆ ಜಗಲಿಯಲ್ಲಿ ಕೂತವರ ಕಣ್ಣಿನಿಂದ ಪರದೆ ನೋಡಬಹುದು.

ಚಿತ್ರದ ತುಂಬ ಸಣ್ಣ ಕಾಳು ಕಾಳು, ಧ್ವನಿ ಮಾತ್ರ ಸ್ವಚ್ಛ. ಇದು ಸಿಗ್ನಲ್ ಕಡಿಮೆಯಾದದ್ದು, ಬೇರೇನೂ ಅಲ್ಲ. ಧ್ವನಿ ಎಫ್.ಎಂ.ನಲ್ಲಿ, ಕಿರಿದಾದ ಜಾಗದಲ್ಲಿ ಬರುವುದರಿಂದ ಅದು ಕೊನೆಯವರೆಗೂ ಬದುಕಿರುತ್ತದೆ. ಎಷ್ಟೋ ಮನೆಗಳಲ್ಲಿ ಟಿ.ವಿ.ಯನ್ನು ರೇಡಿಯೊದ ಹಾಗೆ ಕೇಳಿದ್ದುಂಟು. ಬಣ್ಣದ ಸೆಟ್ಟು ಇದ್ದಕ್ಕಿದ್ದಂತೆ ಕಪ್ಪುಬಿಳುಪಾದರೂ ಕಾರಣ ಹೆಚ್ಚಾಗಿ ಇದೇ. ಬಣ್ಣದ ಮಾಹಿತಿ ಚಿತ್ರದ ಅಲೆಯಿಂದ 4.43 ಮೆಗಾಹರ್ಟ್ಸ್ ದೂರದಲ್ಲಿ ಒಂದು ಸಣ್ಣ ಅಲೆಯ ಮೇಲೆ ಬರುತ್ತದೆ. ಅದು ಸೊರಗಿತೆಂದು ಕಂಡರೆ ಸೆಟ್ಟು ಕೆಟ್ಟ ಬಣ್ಣ ತೋರಿಸುವುದಕ್ಕಿಂತ ಬಣ್ಣವೇ ಬೇಡವೆಂದು ಮುಚ್ಚಿಬಿಡುತ್ತದೆ. ಸೆಟ್ಟು ರಿಪೇರಿಗೆಂದು ಪೇಟೆಗೆ ಹೊತ್ತುಕೊಂಡು ಹೋದವರಿದ್ದಾರೆ, ಕೆಟ್ಟದ್ದು ಮಾಡಿನ ಮೇಲಿನ ಒಂದು ನಟ್ಟು.

ಓರೆ ಓರೆ ಗೆರೆಗಳು ಪರದೆಯ ಮೇಲೆ ಹರಿದಾಡಿದರೆ ಇನ್ನೊಂದು ಅಲೆ ಬಂದು ಕಲೆತಿದೆ ಎಂದರ್ಥ. ದಪ್ಪನೆಯ ಅಡ್ಡ ಪಟ್ಟಿ ನಿಧಾನವಾಗಿ ಮೇಲೇರುತ್ತಿದ್ದರೆ ಸೆಟ್ಟಿನ ಒಳಗಿನ ಪವರ್ ಸಪ್ಲೈ ಕೈಕೊಟ್ಟಿದೆ, ಏಣಿ ಬೇಡ. ಕಪ್ಪು ಚುಕ್ಕೆಗಳ ಸಾಲು ಹಿಟ್ಟಿನ ಗಿರಣಿ ಶುರುವಾದಾಗ ಬಂದು ನಿಂತಾಗ ಹೋದರೆ ಅದಕ್ಕೆ ವಿವರಣೆ ಬೇಕಿಲ್ಲ.

ನನ್ನ ಮೆಚ್ಚಿನದು ನೆರಳು. ‘ಡಬಲ್ ಬರ್ತಿದೆ’ ಎಂದು ಜನ ಹೇಳುತ್ತಿದ್ದ ದೋಷ: ವಾರ್ತೆ ಓದುವವರ ಬಲಕ್ಕೆ ಅವರದೇ ಮಸುಕು ರೂಪ. ಗುಡ್ಡಕ್ಕೆದುರು ನಿಂತು ಕೂಗಿದರೆ ಕೂಗು ತಡವಾಗಿ ಮರಳುವಂತೆ, ಟವರ್‌ನಿಂದ ಹೊರಟ ಅಲೆ ಗುಡ್ಡಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು ಸುತ್ತುದಾರಿಯಲ್ಲಿ ಬಂದು ತಡವಾಗಿ ತಲುಪಿದ್ದೇ ಈ ನೆರಳು. ಟಿ.ವಿ. ಚಿತ್ರವನ್ನು ಎಡದಿಂದ ಬಲಕ್ಕೆ ಗೆರೆ ಗೆರೆಯಾಗಿ ಬರೆಯುವುದರಿಂದ ತಡವಾದದ್ದು ಬಲಕ್ಕೆ ಬೀಳುತ್ತದೆ. ಎಷ್ಟು ತಡ ಎಂದು ಅಳತೆಪಟ್ಟಿ ಹಿಡಿದು ಹೇಳಬಹುದು. ನಮ್ಮ 625 ಗೆರೆಗಳ ಪದ್ಧತಿಯಲ್ಲಿ ಒಂದು ಗೆರೆಯ ಕಾಣುವ ಭಾಗ ಬರೆಯಲು 52 ಮೈಕ್ರೊಸೆಕೆಂಡ್. 20 ಇಂಚಿನ ಸೆಟ್ಟಿನ ಪರದೆಯ ಅಗಲ ಸುಮಾರು 40 ಸೆಂಟಿಮೀಟರ್. ಅಂದರೆ ಪರದೆಯ ಮೇಲಿನ 8 ಮಿಲಿಮೀಟರ್ ಒಂದು ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅಲೆ 300 ಮೀಟರ್ ಓಡಿರುತ್ತದೆ. ನೆರಳು ಎರಡು ಸೆಂಟಿಮೀಟರ್ ಸರಿದಿದ್ದರೆ ಸುತ್ತುದಾರಿ ನೇರ ದಾರಿಗಿಂತ ಸುಮಾರು 750 ಮೀಟರ್ ಹೆಚ್ಚು. ಬಡಿದ ಗುಡ್ಡ ಟವರ್‌ಗೆ ಎದುರು ದಿಕ್ಕಿನಲ್ಲಿ, ಮನೆಯ ಬೆನ್ನಿಗಿದ್ದರೆ ಅಲೆ ಮನೆ ದಾಟಿ ಹೋಗಿ ಮರಳಿದೆ. ಅಂದರೆ ಗುಡ್ಡ ಅದರ ಅರ್ಧ, 375 ಮೀಟರ್ ದೂರದಲ್ಲಿದೆ. ಜಗಲಿಯಿಂದ ಕದಲದೆ, ಕಿಟಕಿಯ ಹೊರಗೂ ನೋಡದೆ, ಮನೆಯ ಹಿಂದಿನ ಗುಡ್ಡವನ್ನು ಅಳೆದಂತಾಯಿತು. ಆಂಟೆನಾ ಕಟ್ಟುವವರು ಹೀಗೆ ಗುಣಿಸಿ ಭಾಗಿಸುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಬೆರಳು ಅಗಲದ ನೆರಳಾದರೆ ಹತ್ತಿರದ ಕಟ್ಟಡ, ಅಂಗೈ ಅಗಲವಾದರೆ ಆಚೆಯ ಗುಡ್ಡ ಎಂಬ ಅಂದಾಜು ಅವರ ಕಣ್ಣಿನಲ್ಲೇ ಇತ್ತು.

ನೆರಳು ಎಡಕ್ಕಿದ್ದರೆ? ಆಂಟೆನಾದಿಂದ ಬಂದದ್ದಕ್ಕಿಂತ ಮೊದಲೇ ಏನೋ ಸೆಟ್ಟನ್ನು ತಲುಪುತ್ತಿದೆ. ಟವರ್ ತೀರಾ ಹತ್ತಿರವಿರುವ ಮನೆಗಳಲ್ಲಿ ಹೀಗಾಗುತ್ತದೆ. ಕೇಬಲ್‌ನೊಳಗೆ ಸಿಗ್ನಲ್‌ನ ಓಟ ಬಯಲಿಗಿಂತ ನಿಧಾನ. ಅದು ಮೇಲೆ ಹಿಡಿದು ಕೆಳಗಿಳಿಯುವಷ್ಟರಲ್ಲಿ ಸೆಟ್ಟಿನ ಒಳಗಿನ ತಂತಿಗಳೇ ಗೋಡೆ ತೂರಿ ಬಂದ ಅಲೆಯನ್ನು ಹಿಡಿದುಬಿಡುತ್ತವೆ. ರಿಬ್ಬನ್ ತೆಗೆದು ಕೋಆಕ್ಸಿಯಲ್ ಹಾಕಿ, ಜೋಡಣೆಗಳನ್ನು ಬಿಗಿ ಮಾಡಬೇಕು. ಇನ್ನು ನೆರಳೆಂದು ಬೇರೆಯಾಗಿ ಕಾಣದೆ ಅಂಚುಗಳು ಮಾತ್ರ ಬಳಿದಂತಾಗಿದ್ದರೆ ತಂತಿಗೂ ಆಂಟೆನಾಗೂ ಓಮು ಹೊಂದಿಲ್ಲ. ಸಿಗ್ನಲ್ ತಂತಿಯೊಳಗೇ ಮೇಲೆ ಕೆಳಗೆ ಅಲೆಯುತ್ತಿದೆ. ಹತ್ತು ಹದಿನೈದು ಮೀಟರಿನ ತಂತಿಯಲ್ಲಿ ಹೋಗಿ ಬಂದ ತಡ ಪರದೆಯ ಮೇಲೆ ಒಂದು ಮಿಲಿಮೀಟರ್ ಆಗುವುದೂ ಕಷ್ಟ.

ನೆರಳಿನ ಮದ್ದಿನಲ್ಲಿ ಕೈಚಳಕ ಕಾಣುವುದು. ಹೊಸಬರು ಆಂಟೆನಾವನ್ನು ಟವರ್ ಕಡೆಗೆ ತಿರುಗಿಸುತ್ತಾರೆ. ಬಲ್ಲವರು ಗುಡ್ಡದ ಕಡೆಗೆ ಕುರುಡಾಗಿಸುತ್ತಾರೆ. ಯಾಗಿ ಆಂಟೆನಾ ಎದುರಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಆ ಹಿಡಿತ ತುಸು ಆಚೀಚೆ ತಿರುಗಿದರೆ ಕೊಂಚವೇ ಇಳಿಯುತ್ತದೆ. ಪಕ್ಕದಲ್ಲಿ ಕೆಲವು ಕೋನಗಳಲ್ಲಿ ಮಾತ್ರ ಅದು ಏನನ್ನೂ ಹಿಡಿಯುವುದಿಲ್ಲ. ಗುಡ್ಡದಿಂದ ಬರುವ ಅಲೆ ಆ ಕುರುಡು ಕೋನಕ್ಕೆ ಬೀಳುವವರೆಗೆ ತಿರುಗಿಸಬೇಕು. ಟವರ್‌ನ ಸಿಗ್ನಲ್ ಸ್ವಲ್ಪ ಕಳೆದುಕೊಂಡು ನೆರಳನ್ನು ಪೂರ್ತಿ ಕಳೆದುಕೊಳ್ಳುವ ವ್ಯಾಪಾರ ಇದು. ಮಾಡಿನ ಮೇಲೆ, ಅಂಗಳದಲ್ಲಿ, ಟಿ.ವಿ. ಮುಂದೆ ಮೂವರು ನಿಂತು ಮಾತು ದಾಟಿಸುವಾಗ ಈ ವ್ಯಾಪಾರ ಮೇಲಿದ್ದವರಿಗೆ ತಿಳಿದಿದ್ದರೂ ಒಳಗಿದ್ದವರಿಗೆ ತಿಳಿದಿರುತ್ತಿರಲಿಲ್ಲ. ‘ಬಂತೇನೋ ತಮ್ಮಾ?’ ಎಂದರೆ, ‘ಇಲ್ಲ ಮಾರಾಯ್ರೇ, ಮೊದಲೇ ವಾಸಿಯಿತ್ತು!’ ಎಂಬ ಉತ್ತರ. ಕಾಳು ಹೆಚ್ಚಿದ್ದನ್ನು ನೋಡಿದ ಹುಡುಗ ನೆರಳು ಹೋದದ್ದನ್ನು ನೋಡಿರಲಿಲ್ಲ.

ಕಣಿವೆಯ ಮನೆಗಳಲ್ಲಿ ಇದರ ತಿರುವುಮುರುವು. ಟವರ್ ಮತ್ತು ಮನೆಯ ನಡುವೆಯೇ ಗುಡ್ಡ ಅಡ್ಡ ನಿಂತಿದ್ದರೆ ನೇರ ಅಲೆ ಇಲ್ಲವೇ ಇಲ್ಲ. ಆಗ ಎದುರು ಗುಡ್ಡದ ಬಂಡೆಯ ಮುಖಕ್ಕೆ ಬಡಿದು ಬರುವ ಅಲೆಯೇ ಗತಿ. ಟವರ್‌ಗೆ ಬೆನ್ನು ತಿರುಗಿಸಿ ಬಂಡೆಯನ್ನು ನೋಡುವ ಆಂಟೆನಾ ಕಂಡರೆ ದಾರಿಹೋಕರಿಗೆ ನಗು ಬರಬಹುದು. ಕಟ್ಟಿದವರು ಮಾತ್ರ ಊರಿಗೇ ಜಾಣರು.

ಬೂಸ್ಟರ್ ಬಗ್ಗೆ ಎರಡೇ ಮಾತು. ಅದನ್ನು ಟಿ.ವಿ. ಹಿಂದೆ ಇಡುವುದು ದಂಡ. ಸಿಗ್ನಲ್ ತಂತಿಯಲ್ಲಿ ಇಳಿಯುತ್ತ ಸೊರಗುತ್ತದೆ, ಸೆಟ್ಟಿನ ಸ್ವಂತ ಗದ್ದಲ ಸೊರಗುವುದಿಲ್ಲ. ಕೆಳಗೆ ಬಂದ ಮೇಲೆ ಬಲಪಡಿಸಿದರೆ ಕಾಳೂ ಬಲವಾಗುತ್ತದೆ. ಸಿಗ್ನಲ್ ಇನ್ನೂ ಗಟ್ಟಿಯಿರುವ ಆಂಟೆನಾದ ಬುಡದಲ್ಲೇ ಬೂಸ್ಟರ್ ಕಟ್ಟಿ, ಅದೇ ಕೇಬಲ್‌ನಲ್ಲಿ ಮೇಲಕ್ಕೆ ಕರೆಂಟು ಕಳಿಸಬೇಕು.

ಹವೆಯೂ ತನ್ನ ಆಟ ಆಡುತ್ತಿತ್ತು. ನೆಲದ ಹತ್ತಿರ ತಂಪು, ಮೇಲೆ ಬೆಚ್ಚಗಿನ ಗಾಳಿ ನಿಂತ ಹೊತ್ತಿನಲ್ಲಿ ಅಲೆಗಳು ಆ ಎರಡರ ನಡುವೆ ಸಿಕ್ಕಿಬಿದ್ದು ನೆಲದ ಬಾಗಿಗೆ ಬಾಗುತ್ತ ನೂರಾರು ಕಿಲೋಮೀಟರ್ ಸಾಗುತ್ತವೆ. ಪಿದುರುತಲಾಗಲದ ದಿಗಂತ ಲೆಕ್ಕದ ಪ್ರಕಾರ 207 ಕಿಲೋಮೀಟರ್. ರಾಮೇಶ್ವರ ಅಲ್ಲಿಂದ ಸುಮಾರು 300. ನಡುವಿನ ಕಡಲ ಮೇಲಿನ ಗಾಳಿಯೇ ಉಳಿದ ದಾರಿ ದಾಟಿಸಿತು. ಬೇಸಿಗೆಯಲ್ಲಿ, ಕೆಳಗಿನ ಚಾನೆಲ್‌ಗಳಲ್ಲಿ ಇನ್ನೂ ವಿಚಿತ್ರ ನಡೆಯುತ್ತಿತ್ತು. ನೂರು ಕಿಲೋಮೀಟರಿನಷ್ಟು ಮೇಲೆ ವಿದ್ಯುದಂಶಗಳ ದಟ್ಟ ಪದರವೊಂದು ತಾತ್ಕಾಲಿಕವಾಗಿ ಹೆಪ್ಪುಗಟ್ಟಿ ಸಾವಿರ, ಎರಡು ಸಾವಿರ ಕಿಲೋಮೀಟರಿನಾಚೆಯ ಕೇಂದ್ರವನ್ನು ನಮ್ಮ ಪರದೆಗೆ ಬಡಿಯುತ್ತಿತ್ತು. ಯಾವ ಭಾಷೆಯೆಂದು ತಿಳಿಯುವಷ್ಟರಲ್ಲಿ ಅದು ಮಾಯ.

ಈಗ ಈ ವಿದ್ಯೆಗೆ ಕೆಲಸವಿಲ್ಲ. ಆಯ್ದ ಕೆಲವನ್ನು ಬಿಟ್ಟು ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳೆಲ್ಲ 2022ರ ಹೊತ್ತಿಗೆ ಬಾಯಿ ಮುಚ್ಚಿದವು. 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಶುರುವಾಯಿತು. ಆ ಪದ್ಧತಿ ನೆರಳನ್ನು ಲೆಕ್ಕಕ್ಕೇ ಇಡುವುದಿಲ್ಲ. ಮಾಹಿತಿಯನ್ನು ಸಾವಿರಾರು ನಿಧಾನದ ಎಳೆಗಳಲ್ಲಿ ಹಂಚಿ ಕಳಿಸುತ್ತದೆ, ಪ್ರತಿ ತುಣುಕಿನ ಮುಂದೆ ತಡವಾದವರಿಗೆಂದು ಕೊಂಚ ಬಿಡುವು ಇಟ್ಟಿರುತ್ತದೆ. ಗುಡ್ಡಕ್ಕೆ ಬಡಿದು ಬಂದದ್ದು ಆ ಬಿಡುವಿನೊಳಗೆ ಬಂದರೆ ತೊಂದರೆಯಿಲ್ಲ, ಕೆಲವೊಮ್ಮೆ ಉಪಕಾರವೇ. ಆದರೆ ಡಿಜಿಟಲ್ ಚಿತ್ರಕ್ಕೆ ಇರುವುದು ಎರಡೇ ಸ್ಥಿತಿ: ಪೂರ್ತಿ ಚೆನ್ನ, ಇಲ್ಲವೇ ಚೌಕ ಚೌಕವಾಗಿ ಒಡೆದು ಸ್ತಬ್ಧ. ಏಕೆ ಕೆಟ್ಟಿತು ಎಂದು ಅದು ಹೇಳುವುದಿಲ್ಲ. ‘ನೋ ಸಿಗ್ನಲ್’ ಎಂಬ ಫಲಕದಿಂದ ಗುಡ್ಡದ ದೂರ ಅಳೆಯುವುದು ಯಾರಿಂದಲೂ ಆಗದು. ಇಂದಿನ ಕೆಲಸಗಾರರು ಕೈಯಲ್ಲಿ ಮೀಟರ್ ಹಿಡಿದು ಬರುವುದು ಅವರು ಕಡಿಮೆಯವರೆಂದಲ್ಲ, ಪರದೆ ಮಾತು ಬಿಟ್ಟಿದ್ದರಿಂದ.

ಉಪಗ್ರಹದ ಡಿಶ್ಶಿಗೂ ತನ್ನದೇ ಹದವಿದೆ. ದೂರದರ್ಶನದ ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತ ಜಿಸ್ಯಾಟ್-15ರಿಂದ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಮೇಲೆ. ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಮನೆಯ ಮೇಲಿನ ಸಣ್ಣ ಡಿಶ್ ಒಂದು ದೊಡ್ಡ ಬಟ್ಟಲಿನ ಓರೆ ತುಂಡು. ಅದರ ಮುಖ ಎತ್ತ ಕಾಣುತ್ತದೋ ಅದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ಅದರ ನಿಜವಾದ ನೋಟ. ಆದ್ದರಿಂದ ಅದು ಎದುರಿನ ತೆಂಗಿನ ಮರವನ್ನೇ ದಿಟ್ಟಿಸುತ್ತಿರುವಂತೆ ಕಂಡರೂ ನೋಟ ಗರಿಗಳ ಮೇಲೆ ಹಾದುಹೋಗಿರುತ್ತದೆ. ಡಿಶ್ಶಿಗಿಂತ 10 ಮೀಟರ್ ಎತ್ತರದ ಮರವಾದರೂ ಅದರ ಗರಿಗಳು ಐದು ಮೀಟರ್ ಆಚೆಗಿದ್ದರೆ ಅಡ್ಡಿಯಿಲ್ಲ. ಮಳೆ ಜೋರಾದಾಗ ಚಿತ್ರ ನಿಂತರೆ ಅದು ಮರದ ತಪ್ಪೂ ಅಲ್ಲ: ಎರಡೂವರೆ ಸೆಂಟಿಮೀಟರಿನ ಆ ಅಲೆಗಳನ್ನು ದಪ್ಪ ಹನಿಗಳು ಹೀರಿ ಚದುರಿಸುತ್ತವೆ, ಮಳೆ ಹೊಳವಾದರೆ ಚಿತ್ರ ತಾನೇ ಬರುತ್ತದೆ. ಮರ ಕಡಿಸುವ ಮಾತು ಎತ್ತುವ ಮುನ್ನ ಒಂದು ಕೋನಮಾಪಕಕ್ಕೆ ದಾರ ಕಟ್ಟಿ ತುದಿಗೊಂದು ನಟ್ಟು ತೂಗಿಬಿಟ್ಟು ನೋಡಿ. ಎರಡು ನಿಮಿಷದ ಕೆಲಸ.